ಗೆರೆಯಕ್ಕನ ಎದೆಯ ಫೋಟೋ

ನನ್ನ ವಾರಗಿತ್ತಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಅವಳ ಹುಳುಕುಗಳನ್ನೇ ಹೇಳುತ್ತೇನೆ. ಹಠಮಾರಿ. ಹೇಳಿದ ಮಾತಿಗೆಲ್ಲ ಹೂಂಗುಟ್ಟಿ ಕೊನೆಗೆ ತನಗೆ ತೋಚಿದ್ದನ್ನೇ ಮಾಡುತ್ತಾಳೆ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಾನವಳನ್ನು ‘ನೀವು’ ಎನ್ನುತ್ತಿದ್ದೆ. ಎರಡು ಸಂಸಾರಕ್ಕೂ ಒಂದೇ ಬಚ್ಚಲು, ಒಂದೇ ನಲ್ಲಿ, ಬಟ್ಟೆ ಒಣಹಾಕಲು ಒಂದೇ ತಂತಿ. ಜಗಳವಾಡಿ ಜಗಳವಾಡಿ ‘ನೀವು’ ಹೋಗಿ ‘ನೀನು’ ಬಂತು. ಅಕ್ಕ ಅನ್ನುವುದೊಂದು ಹಾಗೇ ಉಳಿಯಿತು.

ನಮ್ಮಿಬ್ಬರ ಕೆಲಸವೂ ಒಂದೇ ಲಾಂಡ್ರಿಯಲ್ಲಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜಿನ ಬಟ್ಟೆ, ಕಾರ್ಖಾನೆಯವರ ಸಮವಸ್ತ್ರ ಎಲ್ಲ ಅಲ್ಲಿಗೇ ಬರುತ್ತದೆ. ನಾನು ಮಡಿಚುವ ಕಡೆ, ಅವಳು ಇಸ್ತ್ರಿಯ ಕಡೆ. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಸೊಂಟದಿಂದ ಕಾಲಿನ ತುದಿಯವರೆಗೆ ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ. ಹಾಗಾಗಿ ಲಾಂಡ್ರಿಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ಅವಳು ಗೆರೆಯಕ್ಕ. ಅವಳ ಗಂಡ, ಅಂದರೆ ನನ್ನ ಭಾವ, ಅದೇ ಲಾಂಡ್ರಿಯ ವ್ಯಾನ್ ಓಡಿಸುತ್ತಾರೆ. ಅವರ ಬಾಯಲ್ಲಿ ಒಂದು ಮಾತು ಹೊರಡಬೇಕಾದರೆ ನಾವು ಅರ್ಧ ಊಟ ಮುಗಿಸಿರುತ್ತೇವೆ. ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು, ಅವಳಿಗೆ ನಾನು ಚಿಕ್ಕಮ್ಮ.

ಇಸ್ತ್ರಿಯ ಕೋಣೆ ಎಂದರೆ ಬೇಯುವ ಜಾಗ. ಹಬೆ ಬಿಡುವ ಇಸ್ತ್ರಿಪೆಟ್ಟಿಗೆಗಳು ಸಾಲಾಗಿ ಬುಸುಗುಟ್ಟುತ್ತಿರುತ್ತವೆ, ಫ್ಯಾನು ಹಾಕಿದರೆ ಬಟ್ಟೆ ಹಾರುತ್ತದೆಂದು ಫ್ಯಾನಿಲ್ಲ. ಬೆವರು ಇಳಿದು ಇಳಿದು ಎದೆಯ ಕೆಳಗೆ, ಕಂಕುಳಲ್ಲಿ ಬೆವರುಸಾಲೆ ಏಳುತ್ತದೆ. ಅದಕ್ಕೆ ಅಲ್ಲಿನ ಹೆಂಗಸರು ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಮೈಗೆ ಹಾಕಿದ ಪೌಡರು ಬೆವರಿನ ಜೊತೆ ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದಲ್ಲ, ಹಾಗಾಗಿ ಅವರು ಬೆವರುಸಾಲೆಯ ಪೌಡರನ್ನು ಒಳಅಂಗಿಗೇ ಧಾರಾಳವಾಗಿ ಉದುರಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಬಿಸಿ ಇಸ್ತ್ರಿ ಎಳೆದುಬಿಡುತ್ತಾರೆ. ಪೌಡರು ನೂಲಿನೊಳಗೆ ಕೂತು ದಿನವಿಡೀ ಸ್ವಲ್ಪಸ್ವಲ್ಪವಾಗಿ ಮೈಗೆ ಹತ್ತುತ್ತಿರುತ್ತದೆ. ನಮ್ಮ ಮನೆಯಲ್ಲಿ ಅಕ್ಕ ಎಲ್ಲರ ಒಳಬಟ್ಟೆಗೂ ಹೀಗೇ ಮಾಡುತ್ತಿದ್ದಳು. ನಮಗದು ಬಟ್ಟೆ ಒಗೆದ ಹಾಗೆ, ಅನ್ನ ಬಸಿದ ಹಾಗೆ, ಯಾರೂ ಎರಡನೇ ಸಲ ಯೋಚಿಸದ ಕೆಲಸ.

ಒಂದು ದಿನ ಆಸ್ಪತ್ರೆಯ ಕಡೆಯಿಂದ ಒಬ್ಬ ನರ್ಸಮ್ಮ ಲಾಂಡ್ರಿಗೆ ಬಂದರು. ನಮ್ಮ ಬಟ್ಟೆ ಒಗೆಯುವ ಹೆಂಗಸರಲ್ಲಿ ನಲವತ್ತು ದಾಟಿದವರಿಗೆಲ್ಲ ಎದೆಯ ಪರೀಕ್ಷೆ ಪುಕ್ಕಟೆ ಮಾಡುತ್ತೇವೆ, ಮ್ಯಾಮೋಗ್ರಾಮ್ ಅಂತ, ಎಕ್ಸ್‌ರೇ ಇದ್ದ ಹಾಗೆ ಎಂದರು. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದರು. ಮುಟ್ಟು ನಿಲ್ಲದವರು ಮುಟ್ಟು ಮುಗಿದ ಮೇಲಿನ ವಾರದಲ್ಲಿ ಬನ್ನಿ, ಆಗ ಎದೆ ಅಷ್ಟು ನೋಯುವುದಿಲ್ಲ. ಸೊಂಟದ ಮೇಲಿನ ಬಟ್ಟೆ ಬಿಚ್ಚಬೇಕಾಗುತ್ತದೆ, ಮೇಲೊಂದು ಕೆಳಗೊಂದು ಬೇರೆಬೇರೆ ಬಟ್ಟೆ ಹಾಕಿಕೊಂಡು ಬನ್ನಿ. ಆ ದಿನ ಮೈಗೆ ಪೌಡರು, ಸೆಂಟು, ಕ್ರೀಮು ಏನೂ ಹಚ್ಚಬೇಡಿ. ಎರಡು ಹಲಗೆಗಳ ನಡುವೆ ಎದೆಯನ್ನಿಟ್ಟು ಒತ್ತುತ್ತಾರೆ, ನೋವಾಗುತ್ತದೆ, ಆದರೆ ಹತ್ತು ಎಣಿಸುವುದರೊಳಗೆ ಬಿಡುತ್ತಾರೆ. ಮತ್ತೊಮ್ಮೆ ಬನ್ನಿ ಎಂದು ಕರೆದರೆ ಗಾಬರಿಯಾಗಬೇಡಿ, ಎಷ್ಟೋ ಜನರನ್ನು ಸುಮ್ಮನೆ ಖಾತ್ರಿ ಮಾಡಿಕೊಳ್ಳಲು ಕರೆಯುತ್ತಾರೆ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಹಿಂಡುವ ಯಂತ್ರದ ಹತ್ತಿರ ಕೆಲಸ ಮಾಡುವ ದಪ್ಪನೆಯ ಹೆಂಗಸು, “ನಮ್ಮ ಯಂತ್ರಕ್ಕೇ ಕೊಟ್ರೆ ಆಗಲ್ವಾ, ಒಗೆದು ಹಿಂಡಿ ಕೊಡುತ್ತೆ” ಎಂದಳು. ಅಕ್ಕ ಮಾತ್ರ ನಗಲಿಲ್ಲ. ಊಟದ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದಳು.

ಯಾಕೆಂದು ನನಗೆ ಗೊತ್ತಿತ್ತು. ಅವಳ ತಾಯಿ ಸತ್ತದ್ದು ಅದರಲ್ಲೇ. ಎದೆಯ ಗಂಟನ್ನು ಗಂಡನಿಗೂ ಹೇಳದೆ, ಮಕ್ಕಳಿಗೂ ಹೇಳದೆ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡಿದ್ದಳಂತೆ. ಗಂಟು ಹುಣ್ಣಾಯಿತು. ಆಮೇಲೆ ತಾಯಿ ಮಗಳನ್ನು ಹತ್ತಿರ ಕೂರಿಸಿಕೊಳ್ಳುವುದನ್ನೇ ಬಿಟ್ಟಳು. ಅಕ್ಕ ಆಗ ಹೈಸ್ಕೂಲು. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದಳಂತೆ. ವಾಸನೆ ಬಂದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು, ಅಷ್ಟು ಹೊತ್ತಿಗೆ ಡಾಕ್ಟರು ಕೈಚೆಲ್ಲಿದ್ದರು. ಇದನ್ನು ಅಕ್ಕ ನನಗೆ ಹೇಳಿದ್ದು ಒಂದೇ ಸಲ, ಬಟ್ಟೆ ಮಡಿಚುತ್ತ, ಮುಖ ಎತ್ತದೆ. ಆಮೇಲೆ ನಾನೂ ಕೇಳಲಿಲ್ಲ.

ಅದು ಗೊತ್ತಿದ್ದದ್ದರಿಂದಲೇ ನಾನು ಅವಳನ್ನು ಕೇಳದೆ ಅವಳ ಹೆಸರು ಬರೆಸಿದೆ. ನನಗಿನ್ನೂ ನಲವತ್ತಾಗಿರಲಿಲ್ಲ, ಅವಳಿಗೆ ದಾಟಿ ನಾಲ್ಕಾರು ವರ್ಷವಾಗಿತ್ತು. ಅವಳಿಗೆ ಗೊತ್ತಾದಾಗ ಮನೆಯಲ್ಲಿ ರಣರಂಗ.

“ನಿನಗ್ಯಾಕೆ ನನ್ನ ಉಸಾಬರಿ? ನಾನೇನು ನಿನ್ನ ಹತ್ರ ಎದೆನೋವು ಅಂತ ಬಂದಿದ್ನಾ?”

“ಬರೋ ತನಕ ಕಾಯ್ಬೇಕಾ? ನಿಮ್ಮಮ್ಮ ಕಾದು ಏನಾಯ್ತು?”

ನಾನು ಅನ್ನಬಾರದಿತ್ತೇನೋ, ಆದರೆ ಅಂದೆ, ಈಗಲೂ ಅನ್ನುತ್ತೇನೆ. ಭಾವ ತಟ್ಟೆ ನೋಡುತ್ತ ಊಟ ಮಾಡುತ್ತಿದ್ದರು. ಬಹಳ ಹೊತ್ತಿನ ಮೇಲೆ, “ಹೋಗಿ ಬಾ” ಎಂದರು. ಅವಳು ಹೋಗಲು ಒಪ್ಪಿದ್ದು ಆ ಎರಡು ಮಾತಿಗೆ.

ಪರೀಕ್ಷೆಯ ಹಿಂದಿನ ದಿನ ಅವಳು ಮಾಡಿಕೊಂಡ ತಯಾರಿ ನೋಡಬೇಕಿತ್ತು. ಹೆಣ್ಣು ನೋಡಲು ಬರುವವರ ಮುಂದೆ ಕೂರುವ ಹುಡುಗಿಯೂ ಅಷ್ಟು ಮಾಡಿಕೊಳ್ಳುವುದಿಲ್ಲ. ಕಪಾಟಿನಲ್ಲಿದ್ದ ಹೊಸ ಒಳಅಂಗಿ ತೆಗೆದಳು. ಪರರ ಮುಂದೆ ಬಿಚ್ಚುವುದಾದರೂ ಬಿಚ್ಚಿದ್ದು ಚೆನ್ನಾಗಿರಬೇಕಂತೆ. ಅದನ್ನು ಇಸ್ತ್ರಿ ಮಾಡಿ, ಮಡಿಚಿ, ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಚರ್ಮ ಸುಲಿಯುವ ಹಾಗೆ ಸ್ನಾನ ಮಾಡಿದಳು. ಪೌಡರ್ ಡಬ್ಬಿಯನ್ನು ಮುಟ್ಟಲೂ ಇಲ್ಲ, ಅದಕ್ಕೆ ನಾನೇ ಸಾಕ್ಷಿ. ಬಾಗಿಲಲ್ಲಿ ನಿಂತು ಕಾಯುತ್ತಿದ್ದೆನಲ್ಲ.

ಆಸ್ಪತ್ರೆಯಲ್ಲಿ ಆ ಕೋಣೆಯ ಹೊರಗೆ ಗೋಡೆಗಂಟಿಸಿದ ಕುರ್ಚಿಗಳಿದ್ದವು. ಪರದೆಯ ಹಿಂದೆ ಬಟ್ಟೆ ಬದಲಿಸಲು ಹೋದ ಅಕ್ಕ ಆಸ್ಪತ್ರೆಯ ನಿಲುವಂಗಿ ಹಾಕಿಕೊಂಡು ಹೊರಗೆ ಬಂದವಳೇ ಅದರ ತೋಳನ್ನು ನನಗೆ ತೋರಿಸಿದಳು. “ನೋಡೇ, ನಮ್ಮಲ್ಲಿಂದ್ಲೇ ಬಂದಿರೋದು. ಈ ತೋಳಿನ ಮಡಿಕೆ ಯಾರದ್ದು, ನಿಂದೇ ತಾನೇ? ಥೂ.” ನಗುತ್ತಿದ್ದಳು, ಆದರೆ ಹಣೆ, ಕತ್ತು ಎಲ್ಲ ಬೆವರಿತ್ತು.

ಫೋಟೋ ತೆಗೆಯುವ ಹುಡುಗಿ ಚುರುಕಾಗಿದ್ದಳು. ಅಕ್ಕ ನನ್ನ ಕೈ ಬಿಡಲೊಲ್ಲಳು ಎಂದು ನನ್ನನ್ನು ಬಾಗಿಲವರೆಗೆ ಬಿಟ್ಟಳು. “ಪೌಡರ್, ಸೆಂಟ್ ಏನಾದ್ರೂ ಹಾಕಿದ್ದೀರಾ ಅಮ್ಮ?” ಎಂದು ಕೇಳಿದಳು. “ಇಲ್ಲ” ಎಂದಳು ಅಕ್ಕ, ಗಟ್ಟಿಯಾಗಿ. “ಎದೇಲಿ ಗಂಟು, ನೋವು, ಏನಾದ್ರೂ ಸೋರೋದು?” “ಇಲ್ಲ.” “ಮನೇಲಿ ಯಾರಿಗಾದ್ರೂ ಇತ್ತಾ?” “ನಮ್ಮಮ್ಮನಿಗೆ” ಎಂದಳು. ಆಮೇಲೆ ಬಾಗಿಲು ಮುಚ್ಚಿತು.

ಒಳಗೆ ಏನಾಯಿತೆಂದು ಬಸ್ಸಿನಲ್ಲಿ ಬರುವಾಗ ಹೇಳಿದಳು. ನಿಂತುಕೊಂಡೇ ತೆಗೆಯುತ್ತಾರಂತೆ. ಆ ಹುಡುಗಿ ಒಂದೊಂದೇ ಮೊಲೆಯನ್ನು ಎತ್ತಿ ಹಲಗೆಯ ಮೇಲಿಟ್ಟು, ಭುಜ ಹಿಂದಕ್ಕೆ, ಗದ್ದ ಮೇಲಕ್ಕೆ ಎಂದು ತಿರುಗಿಸಿ, ಮೇಲಿನ ಗಾಜಿನಂಥ ಹಲಗೆಯನ್ನು ಇಳಿಸಿದಳಂತೆ. ಆಮೇಲೆ ಅಕ್ಕಪಕ್ಕದಿಂದಲೂ ಹಾಗೇ. “ಉಸಿರು ಹಿಡ್ಕೊಳಿ ಅಂದ್ಳು. ನನಗೆ ಉಸಿರೇ ಇರ್ಲಿಲ್ಲ, ಏನು ಹಿಡ್ಕೊಳ್ಳೋದು. ಇಷ್ಟು ವರ್ಷ ನಾನು ಒತ್ತಿದ್ದಕ್ಕೆಲ್ಲ ಇವತ್ತು ಸೇರಿಸಿ ಒತ್ತಿದ್ರು ಕಣೇ.” ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ಮುಗಿಯಿತಲ್ಲ ಎಂಬ ನಗು ಅದು. ನನಗೂ ಹಗುರವಾಯಿತು.

ಮುಗಿದಿರಲಿಲ್ಲ. ಆಸ್ಪತ್ರೆಯಿಂದ ಮತ್ತೆ ಕರೆ ಬಂತು. ಡಾಕ್ಟರು ವಯಸ್ಸಾದ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮಾತಾಡುತ್ತಿದ್ದರು. ಪರದೆಯ ಮೇಲೆ ಅಕ್ಕನ ಎದೆಯ ಫೋಟೋ. ಬೂದಿ ಬಣ್ಣದ ಮೇಲೆ ಅಲ್ಲಲ್ಲಿ ಚೂರುಚೂರು ಬಿಳಿ ಚುಕ್ಕೆ, ಬಲಕ್ಕೂ ಎಡಕ್ಕೂ.

“ಇವು ಸುಣ್ಣದ ಕಣಗಳ ಹಾಗೆ ಕಾಣ್ತಿವೆ. ಎಷ್ಟೋ ಸಲ ಇದ್ರಿಂದ ಏನೂ ತೊಂದ್ರೆ ಇರಲ್ಲ. ಕೆಲವು ಸಲ ಇರುತ್ತೆ. ಪೌಡರ್ ಇದ್ರೂ ಹೀಗೇ ಕಾಣುತ್ತೆ, ಏನೂ ಹಾಕಿರ್ಲಿಲ್ಲ ತಾನೇ?”

“ಇಲ್ಲ ಡಾಕ್ಟ್ರೇ.”

“ಖಂಡಿತ?”

“ನಾನ್ಯಾಕೆ ಸುಳ್ಳು ಹೇಳ್ಲಿ?”

“ಹಾಗಾದ್ರೆ ಇನ್ನೊಂದ್ಸಲ ದೊಡ್ಡದು ಮಾಡಿ ಫೋಟೋ ತೆಗೀಬೇಕು. ಬೇಕಾದ್ರೆ ಸೂಜಿ ಹಾಕಿ ಚೂರು ತೆಗೆದು ನೋಡ್ತೀವಿ. ಮುಂದಿನ ವಾರ ಬನ್ನಿ.”

ಎಷ್ಟೋ ಸಲ ತೊಂದರೆ ಇರುವುದಿಲ್ಲ ಎಂಬ ಮಾತು ನನ್ನ ಕಿವಿಗೆ ಬಿತ್ತು, ಅವಳ ಕಿವಿಗೆ ಬೀಳಲೇ ಇಲ್ಲ. ಅವಳು ಕೇಳಿಸಿಕೊಂಡದ್ದು ಬಿಳಿ ಚುಕ್ಕೆ, ಸೂಜಿ, ಇಷ್ಟೇ. ಹೊರಗೆ ಬಂದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಜನ ಹತ್ತುತ್ತ ಇಳಿಯುತ್ತ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು.

“ಬಂತು ಕಣೇ. ನಮ್ಮಮ್ಮನ ವಯಸ್ಸಿಗೇ ಸರಿಯಾಗಿ ಬಂತು.”

“ಏನೂ ಬಂದಿಲ್ಲ, ಏಳು.”

“ಎರಡೂ ಕಡೆ ಇದೆ. ನಮ್ಮಮ್ಮನಿಗೆ ಒಂದೇ ಕಡೆ ಇದ್ದದ್ದು.”

ಕೈ ಹಿಡಿದು ಎಬ್ಬಿಸಿದೆ. ಮೂಟೆಯಷ್ಟು ಭಾರವಾಗಿದ್ದಳು.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅವಳು ಅಳಲಿಲ್ಲ, ಅತ್ತಿದ್ದರೆ ಒಳ್ಳೆಯದಿತ್ತು. ಸಂಸಾರ ಒಪ್ಪಿಸಿಕೊಡುವ ಕೆಲಸಕ್ಕೆ ನಿಂತಳು. ಒಲೆಯ ಮುಂದೆ ಭಾವನನ್ನು ನಿಲ್ಲಿಸಿಕೊಂಡು ಅಕ್ಕಿಗೆ ನೀರೆಷ್ಟು, ಬೇಳೆಗೆ ನೀರೆಷ್ಟು ಎಂದು ಹೇಳಿಕೊಟ್ಟಳು. ಆ ಮನುಷ್ಯ ಪರೀಕ್ಷೆಗೆ ನಿಂತ ಹುಡುಗನ ಹಾಗೆ ತಲೆತಗ್ಗಿಸಿ ಸೌಟು ಹಿಡಿದಿದ್ದರು. ಅನ್ನ ಮುದ್ದೆಯಾಯಿತು, ಯಾರೂ ಏನೂ ಅನ್ನದೆ ತಿಂದೆವು. ತನ್ನ ಒಳ್ಳೆಯ ಬಟ್ಟೆಗಳನ್ನೆಲ್ಲ ಮಗಳ ಅಳತೆಗೆ ಹಿಡಿಸಲು ಬಿಚ್ಚಿ ಹೊಲಿಯತೊಡಗಿದಳು. ಹುಡುಗಿ, “ಅಮ್ಮ, ಇದು ನಿನಗೇ ಚೆನ್ನಾಗಿತ್ತಲ್ವಾ?” ಎಂದರೆ, “ನನಗೆ ಬಿಗಿಯಾಗುತ್ತೆ” ಎಂದುಬಿಟ್ಟಳು. ಅವಳಿಗೆ ಏನೂ ಹೇಳಿರಲಿಲ್ಲ, ಹೇಳಲು ನಮಗೂ ಬಿಟ್ಟಿರಲಿಲ್ಲ. ಮಗಳು ಪಕ್ಕದಲ್ಲಿ ಬಂದು ಒರಗಿದರೆ ಏನೋ ನೆಪ ತೆಗೆದು ಎದ್ದು ಹೋಗುತ್ತಿದ್ದಳು. ಹುಡುಗಿ ಒಂದು ದಿನ ನನ್ನ ಹತ್ತಿರ ಬಂದು, “ಚಿಕ್ಕಮ್ಮ, ಅಮ್ಮನಿಗೆ ನನ್ನ ಮೇಲೆ ಯಾಕೆ ಕೋಪ?” ಎಂದು ಕೇಳಿದಳು.

ನಾನು ಅಕ್ಕನನ್ನು ಬಚ್ಚಲ ಮನೆಯ ಬಾಗಿಲಲ್ಲಿ ಅಡ್ಡಗಟ್ಟಿದೆ.

“ಆಸ್ಪತ್ರೆಗೆ ಯಾವಾಗ ಹೋಗೋದು?”

“ಹೋಗಲ್ಲ.”

“ಹೋಗಲ್ಲ ಅಂದ್ರೆ?”

“ಹೋಗಲ್ಲ ಅಂದ್ರೆ ಹೋಗಲ್ಲ. ಸೂಜಿ ಚುಚ್ಚಿ, ಕೊಯ್ದು, ಕೂದಲು ಉದುರಿಸಿ ಕೊನೆಗೆ ಕಳಿಸೋದು ಅಲ್ಲಿಗೇ ತಾನೇ? ಇರೋ ನಾಲ್ಕು ದಿನ ಕೆಲಸ ಮಾಡ್ಕೊಂಡು ಇರ್ತೀನಿ. ಕೈ ಮುಗೀತೀನಿ, ಬಿಟ್ಬಿಡು ನನ್ನ.”

ನಿಜವಾಗಿಯೂ ಕೈ ಮುಗಿದಳು. ಇಷ್ಟು ವರ್ಷದ ಜಗಳದಲ್ಲಿ ನನಗೆ ಕೈ ಮುಗಿದವಳಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ, ಆಮೇಲೆ ಅಂಗಲಾಚಿದೆ, ಭಾವನ ಹತ್ತಿರ ಹೇಳಿಸಿದೆ. ಈ ಸಲ ಭಾವನ ಎರಡು ಮಾತೂ ನಡೆಯಲಿಲ್ಲ. ಅವರು ವ್ಯಾನಿನೊಳಗೆ ಹೋಗಿ ಕೂತು ಬಾಗಿಲು ಹಾಕಿಕೊಂಡರು. ಅವರ ಭುಜ ಅಲುಗುವುದು ಅಡುಗೆ ಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಇನ್ನೇನು ಮಾಡಬೇಕೆಂದು ನನಗೆ ತೋಚಲೇ ಇಲ್ಲ. ಕಣ್ಣೆದುರಿಗೇ ಒಬ್ಬಳು ಮುಳುಗುತ್ತಿದ್ದಾಳೆ, ಹಗ್ಗ ಎಸೆದರೆ ಹಿಡಿಯಲೊಲ್ಲಳು.

ಡಾಕ್ಟರು ಹೇಳಿದ್ದ ವಾರ ಕಳೆದುಹೋಯಿತು. ರಜೆಯ ದಿನ ಬಿಸಿಲು ಚೆನ್ನಾಗಿತ್ತು, ಕಿಟಕಿಯ ಹತ್ತಿರ ಕೂತು ಮನೆಯ ಬಟ್ಟೆ ಜೋಡಿಸುತ್ತಿದ್ದೆ. ಅಕ್ಕ ಇಸ್ತ್ರಿ ಮಾಡಿಟ್ಟಿದ್ದ ನನ್ನದೊಂದು ಒಳಅಂಗಿಯ ಮಡಿಕೆ ತಪ್ಪಿತ್ತು. ಎಲ್ಲೋ ಮನಸ್ಸಿಟ್ಟು ಮಾಡಿದ್ದಳು, ಪಾಪ. ಸರಿ ಮಾಡೋಣವೆಂದು ಬಿಚ್ಚಿ ಒಮ್ಮೆ ಕೊಡವಿದೆ. ಬಿಸಿಲ ಕೋಲಿನಲ್ಲಿ ಬೆಳ್ಳಗೆ ಹೊಗೆಯ ಹಾಗೆ ಎದ್ದಿತು. ಸೀನು ಬಂತು. ಸೀನಿದೆ, ಮತ್ತೆ ಕೊಡವಿದೆ, ಮತ್ತೂ ಎದ್ದಿತು. ಕೈ ನೋಡಿಕೊಂಡರೆ ಬೆರಳೆಲ್ಲ ಬಿಳಿ.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಅಕ್ಕ ಹಿತ್ತಲಲ್ಲಿ ಬಕೆಟ್ಟು ತೊಳೆಯುತ್ತಿದ್ದಳು. ಅಂಗಿಯನ್ನು ಅವಳ ಮುಖದ ಮುಂದೆ ಹಿಡಿದೆ.

“ಅವತ್ತು ಆಸ್ಪತ್ರೆಗೆ ಹಾಕ್ಕೊಂಡು ಹೋದ್ಯಲ್ಲ ಹೊಸದು, ಅದಕ್ಕೂ ಹೀಗೇ ಇಸ್ತ್ರಿ ಹಾಕಿದ್ದಾ?”

“ಮತ್ತೆ? ಹೊಸದು ಚುಚ್ಚುತ್ತೆ ಅಂತ ಇನ್ನೂ ಸ್ವಲ್ಪ ಜಾಸ್ತೀನೇ ಹಾಕಿದ್ದೆ.”

“ಪೌಡರು ಅಕ್ಕ! ಪೌಡರು!”

“ಅದು ಬಟ್ಟೆಗೆ ಹಾಕಿದ್ದು ಕಣೇ. ಮೈಗೆ ಹಾಕ್ಬೇಡಿ ಅಂದ್ರು, ನಾನು ಮೈಗೆ ಹಾಕಿರ್ಲಿಲ್ಲ” ಎಂದಳು. ಎಂದವಳು ಹಾಗೇ ನಿಂತಳು. ಬಕೆಟ್ಟು ಕೈಯಿಂದ ಜಾರಿ ನೀರೆಲ್ಲ ಕಾಲ ಮೇಲೆ ಹರಿಯಿತು. ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು, ನನ್ನ ಬೆರಳು ನೋಡಿದಳು, ಮತ್ತೆ ಎದೆ ನೋಡಿಕೊಂಡಳು. ಮೆಟ್ಟಿಲ ಮೇಲೆ ಕೂತಾಗ ಬಾರದಿದ್ದ ಅಳು ಆಗ ಬಂತು. ಇಬ್ಬರೂ ಒದ್ದೆ ನೆಲದ ಮೇಲೆ ಕೂತು ಹುಚ್ಚರ ಹಾಗೆ ಅತ್ತೆವು, ನಕ್ಕೆವು.

ಮನೆಗೆ ಜೀವ ಬಂತು. ಅಕ್ಕ ಸೌಟನ್ನು ಭಾವನ ಕೈಯಿಂದ ಕಿತ್ತುಕೊಂಡಳು. “ನಿಮ್ಮ ಅನ್ನ ತಿಂದೇ ಅರ್ಧ ಸತ್ತಿದ್ದೆ” ಎಂದಳು. ಭಾವ ನಕ್ಕದ್ದನ್ನು ನಾನು ನೋಡಿದ್ದು ಎಷ್ಟು ವರ್ಷದ ಮೇಲೋ. ಮೂರು ಸಲ ಸ್ನಾನ ಮಾಡಿ, ನನ್ನ ಹತ್ತಿರ ಬೆನ್ನು ಕಂಕುಳು ಎಲ್ಲ ತೋರಿಸಿ, ಬರೀ ನೀರಲ್ಲಿ ಜಾಲಿಸಿ ಒಣಗಿಸಿದ ಮುದುರು ಬಟ್ಟೆ ಹಾಕಿಕೊಂಡು ಅವಳು ಆಸ್ಪತ್ರೆಗೆ ಹೊರಟಳು. ಗೆರೆಯಕ್ಕ ಮುದುರು ಬಟ್ಟೆಯಲ್ಲಿ ಬೀದಿಗೆ ಇಳಿದದ್ದು ಅದೇ ಮೊದಲು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. “ನೀನು ನನ್ನ ಜೀವ ಉಳಿಸ್ದೆ ಕಣೇ” ಎಂದಳು. ನಾನು ಬೀಗಿದೆ. ಸುಳ್ಳು ಯಾಕೆ, ಚೆನ್ನಾಗಿಯೇ ಬೀಗಿದೆ.

ಪೌಡರಿನ ಕತೆ ಕೇಳಿ ಡಾಕ್ಟರು ಮೊದಲು ಬೆರಗಾದರು, ಆಮೇಲೆ ನಕ್ಕರು. “ಬಟ್ಟೆಗೆ ಇಸ್ತ್ರಿ ಮಾಡಿ ಕೂರಿಸ್ತೀರಾ? ಇನ್ಮೇಲೆ ನಿಮ್ಮ ಲಾಂಡ್ರಿಯವರಿಗೆಲ್ಲ ಇದನ್ನೂ ಹೇಳ್ಬೇಕು” ಎಂದರು. ಫೋಟೋದ ಹುಡುಗಿ ಒದ್ದೆ ಹತ್ತಿಯಿಂದ ಮತ್ತೊಮ್ಮೆ ಒರೆಸಿ ತೆಗೆದಳು. ಈ ಸಲ ನಾನು ಕುರ್ಚಿಯಲ್ಲಿ ಕೂತು ಮನೆಗೆ ಹೋಗುವಾಗ ಏನು ಕೊಂಡೊಯ್ಯುವುದು ಎಂದು ಯೋಚಿಸುತ್ತಿದ್ದೆ.

ಒಳಗೆ ಕರೆದಾಗ ಡಾಕ್ಟರ ಕನ್ನಡಕ ತಲೆಯ ಮೇಲಿರಲಿಲ್ಲ, ಮೂಗಿನ ಮೇಲಿತ್ತು. ಬಲಗಡೆಯ ಫೋಟೋ ತೋರಿಸಿದರು. ಶುಭ್ರವಾಗಿತ್ತು, ಒಂದು ಚುಕ್ಕೆಯಿಲ್ಲ. ಅಕ್ಕ ನನ್ನ ತೊಡೆ ಚಿವುಟಿದಳು. ಆಮೇಲೆ ಎಡಗಡೆಯದು. ಅಲ್ಲೂ ಚುಕ್ಕೆಗಳು ಹೋಗಿದ್ದವು. ಒಂದು ಮೂಲೆಯಲ್ಲಿ ಮಾತ್ರ ಚಿಟಿಕೆ ಉಪ್ಪು ಚೆಲ್ಲಿದಷ್ಟು ಉಳಿದಿತ್ತು.

“ಇದು ಪೌಡರ್ ಅಲ್ಲ” ಎಂದರು ಡಾಕ್ಟರು.

“ಇನ್ನೊಂದ್ಸಲ ಒರೆಸ್ಲಾ?” ಎಂದಳು ಅಕ್ಕ. “ನಾನು ಸರಿಯಾಗಿ ತೊಳ್ಕೊಂಡಿಲ್ವೇನೋ. ಅಲ್ಲಿ ಮಡಿಕೆ ಇದೆ ಡಾಕ್ಟ್ರೇ, ಮಡಿಕೇಲಿ ಕೂತಿರ್ಬೇಕು. ಈಗ್ಲೇ ತೊಳ್ಕೊಂಡು ಬರ್ತೀನಿ, ಬಚ್ಚಲು ಎಲ್ಲಿದೆ?” ಎನ್ನುತ್ತ ಎದ್ದೇಬಿಟ್ಟಳು. ನಾನು ಕೈ ಹಿಡಿದು ಎಳೆದರೆ ಕೊಸರಿಕೊಂಡಳು. “ಬಿಡೇ! ನೀನೇ ಹೇಳಿದ್ದಲ್ವಾ ಪೌಡರು ಅಂತ! ನೀನೇ ಹೇಳಿದ್ದಲ್ವಾ!”

ಆ ಮಾತು ನನ್ನನ್ನು ಕೊಂದುಹಾಕಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನನ್ನ ಮಾತು ನಂಬಿ ಬಂದವಳನ್ನು ನಾನೇ ತಂದು ಇಲ್ಲಿ ಕೂರಿಸಿದ್ದೆ. ಅವಳು ನಿಂತಲ್ಲೇ ನಿಂತಳು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಕೂತಳು. ಅಂದೇ ಆ ಜಾಗವನ್ನು ಮರಗಟ್ಟಿಸಿ ಸೂಜಿ ಹಾಕಿ ಚೂರು ತೆಗೆದರು. ಅವಳು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

ಅದರ ಫಲಿತಾಂಶ ಬರುವ ತನಕ ನಾವು ಮಾತಾಡಲಿಲ್ಲ. ಲಾಂಡ್ರಿಗೆ ಒಟ್ಟಿಗೇ ಹೋಗುತ್ತಿದ್ದೆವು, ಒಟ್ಟಿಗೇ ಬರುತ್ತಿದ್ದೆವು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಡುಗೆ ಮನೆಯಲ್ಲಿ ಸೌಟು ಮತ್ತೆ ಭಾವನ ಕೈಗೆ ಬಂತು. ಅಕ್ಕ ಇಸ್ತ್ರಿ ಮಾಡಿದ ಪ್ಯಾಂಟೊಂದು ಗೆರೆ ಸೊಟ್ಟಗಿದೆ ಎಂದು ವಾಪಸು ಬಂತು. ಅದನ್ನು ಅವಳಿಗೆ ತೋರಿಸಲು ಯಾರಿಗೂ ಮನಸ್ಸಾಗಲಿಲ್ಲ, ಹಿಂಡುವ ಯಂತ್ರದ ಹೆಂಗಸೇ ಮತ್ತೆ ಇಸ್ತ್ರಿ ಮಾಡಿ ಕಳಿಸಿದಳು. ನಾನು ಬೇಡಿಕೊಳ್ಳದ ದೇವರಿರಲಿಲ್ಲ. ಏನಾದರೂ ಆದರೆ ನಾನು ಹುಡುಗಿಯ ಮುಖ ನೋಡುವುದು ಹೇಗೆ ಎಂಬುದೊಂದೇ ಯೋಚನೆ.

ಕರೆಸಿದ ದಿನ ಭಾವನೂ ಬಂದರು. ಡಾಕ್ಟರು ಸುತ್ತಿಬಳಸಲಿಲ್ಲ. ಕ್ಯಾನ್ಸರ್ ಎಂದರು. ತೀರಾ ಮೊದಲ ಹಂತ, ಕೈಗೆ ಸಿಗುವ ಗಂಟಾಗಲು ಇನ್ನೂ ಕಾಲವಿತ್ತು, ಫೋಟೋ ತೆಗೆಸದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಆಪರೇಷನ್ ಆಗಬೇಕು, ಆಮೇಲೆ ರೇಡಿಯೇಷನ್ ಅಂತ ಕರೆಂಟು ಕೊಡುವುದೋ ಏನೋ ಇರುತ್ತದೆ, ಇಷ್ಟು ಬೇಗ ಸಿಕ್ಕವರಲ್ಲಿ ಬಹಳ ಜನ ಉಳಿಯುತ್ತಾರೆ ಎಂದರು. ನಾನು ಎಲ್ಲರೆದುರಿಗೇ ಬಿಕ್ಕಿದೆ. ಭಾವ ಮೇಜಿನ ಅಂಚು ಹಿಡಿದುಕೊಂಡಿದ್ದರು. ಅಕ್ಕ ಮಾತ್ರ ಕದಲದೆ ಕೂತಿದ್ದಳು.

“ನನ್ನ ಮಗಳಿಗೂ ಬರುತ್ತಾ?” ಎಂದು ಕೇಳಿದಳು.

“ಬರಲೇಬೇಕು ಅಂತಿಲ್ಲ. ಆದ್ರೆ ನಿಮ್ಮ ತಾಯಿಗಿತ್ತು, ಈಗ ನಿಮಗಿದೆ. ಅವಳು ದೊಡ್ಡವಳಾದ ಮೇಲೆ ಬೇರೆಯವರಿಗಿಂತ ಬೇಗ ಪರೀಕ್ಷೆ ಶುರು ಮಾಡ್ಬೇಕು. ಅವಳಿಗೆ ಗೊತ್ತಿರ್ಬೇಕು ಅಷ್ಟೇ.”

“ಗೊತ್ತಿರ್ಬೇಕು” ಎಂದಳು ಅಕ್ಕ.

ಮನೆಗೆ ಬಂದಾಗ ಹುಡುಗಿ ಸ್ಕೂಲಿನಿಂದ ಬಂದು ಬೂಟು ಬಿಚ್ಚುತ್ತಿದ್ದಳು. ಅಕ್ಕ ಚಪ್ಪಲಿಯನ್ನೂ ಬಿಡದೆ, “ಬಾ ಇಲ್ಲಿ, ಕೂತ್ಕೋ” ಎಂದು ಕರೆದಳು. ಭಾವ, “ಈಗ್ಲೇ ಬೇಡ, ಮಗು ಅದು” ಎಂದರು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳನ್ನು ಮೈಗೆ ಮೈ ತಾಗುವಷ್ಟು ಹತ್ತಿರ ಕೂರಿಸಿಕೊಂಡು, ಅವಳ ಕೈ ಹಿಡಿದು, ಅಂಗಿಯ ಮೇಲಿಂದಲೇ ತನ್ನ ಎಡ ಎದೆಯ ಮೇಲಿಟ್ಟುಕೊಂಡಳು.

“ಇಲ್ಲಿ ಕ್ಯಾನ್ಸರ್ ಇದೆ ಅಂತ ಹೇಳಿದ್ರು. ನಿಮ್ಮಜ್ಜಿಗೆ ಬಂದದ್ದೇ. ನಿನ್ನ ಮೇಲೆ ನನಗೆ ಕೋಪ ಇರ್ಲಿಲ್ಲ, ಭಯ ಇತ್ತು.”

ಹುಡುಗಿ ಕೈ ತೆಗೆಯಲಿಲ್ಲ. ನನ್ನನ್ನೂ ಅವಳ ಅಪ್ಪನನ್ನೂ ಒಮ್ಮೆ ನೋಡಿ ಅಮ್ಮನ ಕಡೆ ತಿರುಗಿದಳು.

“ನೀನು ಸಾಯ್ತೀಯಾ ಅಮ್ಮ?”

“ಗೊತ್ತಿಲ್ಲ ಕಣೇ” ಎಂದಳು ಅಕ್ಕ. “ಉಳೀತಾರೆ ಅಂತಾರೆ. ನನಗೆ ತುಂಬಾ ಹೆದ್ರಿಕೆ ಆಗ್ತಿದೆ. ಆದ್ರೆ ನಿನ್ನ ದೂರ ಕೂರಿಸಿ ಸಾಯಲ್ಲ.”

ಹುಡುಗಿ ಬಹಳ ಹೊತ್ತು ಅಮ್ಮನ ಭುಜಕ್ಕೆ ಮುಖ ಒತ್ತಿಕೊಂಡೇ ಇದ್ದಳು. ಆಮೇಲೆ ಮುಖ ಎತ್ತದೆಯೇ, “ಆಪರೇಷನ್ ದಿನ ನಾನು ಸ್ಕೂಲಿಗೆ ಹೋಗಲ್ಲ, ನಾನೂ ಬರ್ತೀನಿ” ಎಂದಳು. ಅಕ್ಕ ಅವಳ ತಲೆಯ ಮೇಲಿಂದ ನನ್ನನ್ನು ನೋಡಿದಳು. ಸೂಜಿ ಹಾಕಿದ ದಿನದಿಂದ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು.

“ಬಾ” ಎಂದಳು ಮಗಳಿಗೆ. “ನಿನ್ನ ಚಿಕ್ಕಮ್ಮನೂ ಬರ್ತಾಳೆ.”